ಇಂಜಿನ್ ಬಿಚ್ಚಿದಾಗ ಯಾವ ಸಾಮಾನು ಹೊಸದು ಹಾಕಬೇಕು, ಯಾವುದು ಬೇಡ?



ಯಶವಂತಪುರದ ಸುತ್ತಮುತ್ತ ಎ.ಪಿ.ಎಂ.ಸಿ. ಯಾರ್ಡು, ಟ್ರಕ್ ಟರ್ಮಿನಲ್ಲು ಇರುವುದರಿಂದ ನಮ್ಮ ಸಂಘಗಳಲ್ಲಿ ಲಾರಿ, ಟೆಂಪೋ ನಂಬಿ ಬದುಕುವ ಮನೆಗಳು ಬಹಳ. ಇಂಥ ಮನೆಯಿಂದ ಸಾಲದ ಅರ್ಜಿ ಬಂದಾಗ "ಇಂಜಿನ್ ಬೋರ್‌ಗೆ ಬಂದಿದೆ, ಮೆಕ್ಯಾನಿಕ್ ಇಷ್ಟಾಗುತ್ತೆ ಅಂದಿದ್ದಾರೆ" ಎಂದು ಒಂದೇ ಸಾಲು ಇರುತ್ತದೆ. ಮಗಳ ಫೀಸಿಗೆ, ಮನೆ ಲೀಸಿಗೆ ಸಾಲ ಕೇಳಿದರೆ ಹತ್ತು ಪ್ರಶ್ನೆ ಕೇಳುವ ನಾವು, ಇಂಜಿನ್ ಅಂದ ಕೂಡಲೇ "ಅದು ಗಂಡಸರ ವಿಷಯ" ಎಂದು ಸುಮ್ಮನಾಗುತ್ತೇವೆ. ವಾರ ವಾರ ಕಂತು ಕಟ್ಟುವವರು ಮಾತ್ರ ನಾವೇ.

ಮೊದಲು ತಿಳಿಯಬೇಕಾದ್ದು: ಇಂಜಿನ್ ಬಿಚ್ಚುವ ಮುಂಚೆ ಹೇಳುವ ಮೊತ್ತ ಬರೀ ಅಂದಾಜು. ಎಷ್ಟು ಸವೆದಿದೆ ಎನ್ನುವುದು ಬಿಚ್ಚಿ, ತೊಳೆದು, ಅಳತೆ ಹಿಡಿದ ಮೇಲೇ ಗೊತ್ತಾಗುವುದು.

ಬಿಚ್ಚಲೇಬೇಕಾ ಎಂಬ ಪ್ರಶ್ನೆಯೂ ಇದೆ. ಡೀಸೆಲ್ ಗಾಡಿಯಲ್ಲಿ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಇಲ್ಲವೇ ನಾಝಲ್ ಕೆಟ್ಟಿರಬಹುದು. ಅದಕ್ಕೆ ಇಂಜಿನ್ ಇಳಿಸುವ ಮಾತೇ ಇಲ್ಲ. ಬಿಳಿ ಹೊಗೆ ಬಂದು ರೇಡಿಯೇಟರ್ ನೀರೂ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ, ಆಗ ಹೆಡ್ ಬಿಚ್ಚಿ ನೋಡಿದರೆ ಸಾಕಾಗಬಹುದು. ನೀಲಿ ಹೊಗೆ, ಪದೇ ಪದೇ ಆಯಿಲ್ ಕಮ್ಮಿ, ಆಯಿಲ್ ಮುಚ್ಚಳ ತೆಗೆದರೆ ಬುಸಬುಸ ಎಂದು ಹೊಗೆ, ಅಂದರೆ ಮೆಕ್ಯಾನಿಕ್‌ಗಳು ಹೇಳುವ ಬ್ಯಾಕ್ ಕಂಪ್ರೆಷನ್, ಇವು ಮೂರೂ ಸೇರಿದರೆ ಒಳಗೆ ರಿಂಗು, ಲೈನರ್ ಸವೆದಿರುವ ಸಂಭವ ಹೆಚ್ಚು. 2020ರ ಏಪ್ರಿಲ್ ನಂತರದ ಬಿ.ಎಸ್.-6 ಗಾಡಿಯಾದರೆ ಬಿಚ್ಚುವ ಮುಂಚೆ ಸ್ಕ್ಯಾನರ್ ಹಾಕಿಸಿ. ಎಷ್ಟೋ ಸಲ ಸೆನ್ಸಾರ್ ಒಂದರ ತಪ್ಪಿಗೆ ಇಂಜಿನ್ನೇ ಅಪರಾಧಿ ಆಗಿಬಿಡುತ್ತದೆ.

ಈಗ ಬಿಚ್ಚಿದ್ದಾಯಿತು ಎನ್ನಿ. ನಿಮ್ಮ ಪ್ರೆಶರ್ ಕುಕ್ಕರನ್ನು ನೆನಪು ಮಾಡಿಕೊಳ್ಳಿ. ಗ್ಯಾಸ್ಕೆಟ್ ಸಡಿಲವಾದರೆ ಯಾರೂ ಕುಕ್ಕರ್ ಬಿಸಾಡುವುದಿಲ್ಲ, ಹಾಗಂತ ಹಳೇ ಗ್ಯಾಸ್ಕೆಟನ್ನೇ ಎಳೆದೆಳೆದು ಹಾಕುವುದೂ ಇಲ್ಲ. ಇಂಜಿನ್ನಿನಲ್ಲೂ ಕೇಳಬೇಕಾದ್ದು ಎರಡು: ಈ ಸಾಮಾನಿನ ಬೆಲೆ ಎಷ್ಟು? ನಾಳೆ ಇದು ಕೆಟ್ಟರೆ ಕೈ ಹಾಕಲು ಎಷ್ಟು ಬಿಚ್ಚಬೇಕು?

ಗ್ಯಾಸ್ಕೆಟ್ ಸೆಟ್, ಆಯಿಲ್ ಸೀಲ್, ಪಿಸ್ಟನ್ ರಿಂಗ್, ಬೇರಿಂಗ್ ಸೆಟ್ ಇವೆಲ್ಲ ಇಡೀ ಕೆಲಸದ ಖರ್ಚಿನ ಮುಂದೆ ಸಣ್ಣವು, ಕೂತಿರುವುದು ಮಾತ್ರ ಆಳದಲ್ಲಿ. ಇವನ್ನು "ಇನ್ನೂ ಸ್ವಲ್ಪ ದಿನ ಬರುತ್ತೆ" ಎಂದು ಉಳಿಸಬಾರದು. ಕ್ಲಚ್ ಪ್ಲೇಟೂ ಹಾಗೇ. ಇಂಜಿನ್ ಇಳಿಸಿದಾಗ ಗೇರ್‌ಬಾಕ್ಸ್ ಹೇಗೂ ಬೇರೆಯಾಗಿರುತ್ತದೆ. ಪ್ಲೇಟು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಈಗಲೇ ಹಾಕಿಸಿ, ಇಲ್ಲದಿದ್ದರೆ ಆರು ತಿಂಗಳಿಗೆ ಅದೇ ಕೂಲಿ ಇನ್ನೊಮ್ಮೆ. ಆದರೆ ಡೈನಮೋ, ಸ್ಟಾರ್ಟರ್ ಮೋಟಾರ್ ಹೊರಗಡೆ ಇರುವಂಥವು. ಕೆಟ್ಟ ದಿನ ಬಿಚ್ಚಿ ರಿಪೇರಿ ಮಾಡಿಸಬಹುದು, ಈ ಸಾಲದಲ್ಲಿ ಅವುಗಳಿಗೆ ಜಾಗ ಬೇಡ.

ಕಷ್ಟ ಇರುವುದು ಲೈನರ್ ವಿಷಯದಲ್ಲಿ. ಪಿಸ್ಟನ್ ಮೇಲೆ ಹೋಗಿ ನಿಂತು ತಿರುಗಿ ಬರುವ ಜಾಗದಲ್ಲಿ ಬಿಸಿ ಹೆಚ್ಚು, ಒತ್ತಡ ಹೆಚ್ಚು, ಆಯಿಲ್ ಕಮ್ಮಿ. ಆದ್ದರಿಂದ ಲೈನರ್ ಮೇಲ್ಭಾಗದಲ್ಲೇ ಜಾಸ್ತಿ ಸವೆಯುತ್ತದೆ, ದುಂಡಗಿರಬೇಕಾದ್ದು ಮೊಟ್ಟೆಯಾಕಾರ ಆಗುತ್ತದೆ. ಅಲ್ಲಿ ಉಗುರು ಆಡಿಸಿದರೆ ಮೆಟ್ಟಿಲಿನಂತೆ ತಡೆಯುವುದು ನಿಮಗೇ ತಿಳಿಯುತ್ತದೆ. ಇಂಥ ಲೈನರಿಗೆ ಬರೀ ಹೊಸ ರಿಂಗ್ ಹಾಕಿ ಬಿಟ್ಟರೆ ರಿಂಗು ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ದಿನಕ್ಕೇ ಮತ್ತೆ ನೀಲಿ ಹೊಗೆ. ದುಡ್ಡು ಉಳಿಸಲು ಹೋಗಿ ಹೆಚ್ಚಿನವರು ಏಟು ತಿನ್ನುವುದು ಇಲ್ಲೇ. ಹಾಗೆಯೇ ಲೈನರ್ ಅಳತೆ ಕಂಪನಿ ಹೇಳಿದ ಮಿತಿಯೊಳಗೆ ಇದ್ದರೆ, ಹೋನಿಂಗ್ ಮಾಡಿಸಿ ರಿಂಗ್ ಮಾತ್ರ ಹಾಕಿದರೂ ನಡೆಯುತ್ತದೆ. ಪೂರ್ತಿ ಕಿಟ್ ದಂಡ. ತೀರ್ಮಾನ ಮಾಡಬೇಕಾದ್ದು ಲೇತ್ ಅಂಗಡಿಯ ಬೋರ್ ಗೇಜು. ಮೇಲೆ, ಮಧ್ಯೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಹಿಡಿದ ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಂದ ಹಾಗೆ, ದೇಶಕ್ಕೆಲ್ಲ ಹೋಗುವ ಗೋಯೆಟ್ಜೆ ಪಿಸ್ಟನ್, ರಿಂಗು ನಮ್ಮ ಯಲಹಂಕದ ಕಾರ್ಖಾನೆಯಲ್ಲೂ ತಯಾರಾಗುತ್ತವೆ, ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು.

ಕ್ರ್ಯಾಂಕ್ ದುಬಾರಿ ಸಾಮಾನು, ಅದನ್ನು ಸುಲಭಕ್ಕೆ ಬದಲಾಯಿಸಬೇಡಿ. ಗೀರು ಬಿದ್ದಿದ್ದರೆ ಕಾಲು ಮಿಲಿಮೀಟರ್ ಗ್ರೈಂಡಿಂಗ್ ಮಾಡಿ, ಅದಕ್ಕೆ ತಕ್ಕ ದಪ್ಪದ ಬೇರಿಂಗ್ ಹಾಕುತ್ತಾರೆ. ಹತ್ತು ಸೈಜ್, ಇಪ್ಪತ್ತು ಸೈಜ್ ಎನ್ನುವುದು ಇದನ್ನೇ. ಹೆಡ್ ಕೂಡ ಹೀಗೆಯೇ: ಪ್ರೆಶರ್ ಟೆಸ್ಟ್‌ನಲ್ಲಿ ಬಿರುಕು ಕಾಣದಿದ್ದರೆ ಮಟ್ಟ ಮಾಡಿಸಿ, ವಾಲ್ವ್ ಗ್ರೈಂಡ್ ಮಾಡಿಸಿದರೆ ಆಯಿತು. ಡೀಸೆಲ್ ಪಂಪನ್ನು ಬೆಂಚಿನ ಮೇಲೆ ಪರೀಕ್ಷೆ ಮಾಡಿಸಿ ಸರಿಪಡಿಸಬಹುದು, ಹೊಸದು ಬೇಕಾಗುವುದು ಅಪರೂಪ. (1951ರಲ್ಲಿ ಶುರುವಾದ ನಮ್ಮ ಊರಿನ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿತು, ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಇನ್ನೂ ಮೈಕೋ ಪಂಪೇ.)

ಇಷ್ಟೆಲ್ಲ ಮಾಡಿಸಿದರೂ ಇನ್ನೊಂದು ಪ್ರಶ್ನೆ ಕೇಳದಿದ್ದರೆ ಹಣ ನೀರಲ್ಲಿ ಹೋಮ: ಸವೆದದ್ದು ಯಾಕೆ? ಏರ್ ಫಿಲ್ಟರಿನ ಪೈಪು ಸೀಳಿ ಧೂಳು ಒಳಗೆ ಹೋಗುತ್ತಿತ್ತೇ? ರೇಡಿಯೇಟರ್ ಕಟ್ಟಿಕೊಂಡು ಇಂಜಿನ್ ಕಾಯುತ್ತಿತ್ತೇ? ಬೇರಿಂಗ್ ಹೋಗಿದ್ದರೆ ಆಯಿಲ್ ಪಂಪ್ ನೋಡಿದರೇ, ಆಯಿಲ್ ಹರಿಯುವ ತೂತುಗಳನ್ನು ತೊಳೆದರೇ? ನೂರು ರೂಪಾಯಿಯ ಪೈಪು ಬಿಟ್ಟು ಲೈನರ್ ಬದಲಾಯಿಸಿದರೆ ಹೊಸ ಲೈನರೂ ಅದೇ ಧೂಳು ತಿನ್ನುತ್ತದೆ.

ಸಂಘದವರಿಗೆ ನನ್ನ ಸಲಹೆ, ಇಂಥ ಸಾಲವನ್ನು ಎರಡು ಸಲ ಕೊಡಿ. ಬಿಚ್ಚುವ ಕೂಲಿಗೆ ಮೊದಲು, ಅಳತೆ ಚೀಟಿ ಮತ್ತು ಸಾಮಾನಿನ ಪಟ್ಟಿ ತಂದ ಮೇಲೆ ಉಳಿದದ್ದು. ಗಾಡಿಗೆ ಇನ್ನೆಷ್ಟು ವರ್ಷ ಬಾಳಿಕೆ, ಕಂಪನಿ ಸಾಲ ಎಷ್ಟು ಬಾಕಿ ಎಂಬುದನ್ನೂ ಕೇಳಿ. ವರ್ಷದೊಳಗೆ ಮಾರುವ ಗಾಡಿಗೆ ಪೂರ್ತಿ ಇಂಜಿನ್ ಕೆಲಸ ನನಗೆ ಸರಿ ಕಾಣುವುದಿಲ್ಲ. ಸಾಮಾನನ್ನು ಜೆ.ಸಿ. ರಸ್ತೆಯಲ್ಲಿ ತಂದರೂ ಎಲ್ಲಿ ತಂದರೂ ಜಿ.ಎಸ್.ಟಿ. ಬಿಲ್ ಇರಲಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ. 18, ಹಳೆಯ ಶೇ. 28ರ ಲೆಕ್ಕ ಹೇಳಿದರೆ ಒಪ್ಪಬೇಡಿ. ಬಿಚ್ಚಿದ ಹಳೇ ಸಾಮಾನನ್ನು ಚೀಲದಲ್ಲಿ ವಾಪಸ್ ಕೇಳಿ ಪಡೆಯಿರಿ. ಇದು ಮೆಕ್ಯಾನಿಕ್ ಮೇಲೆ ಅಪನಂಬಿಕೆ ಅಲ್ಲ. ಒಳ್ಳೆಯ ಮೆಕ್ಯಾನಿಕ್ ತಾನೇ ಕರೆದು ತೋರಿಸುತ್ತಾರೆ.

ಗಾಡಿ ಹೊರಬಂದ ಮೇಲೆ ಮೊದಲ ಕೆಲವು ಟ್ರಿಪ್ ಫುಲ್ ಲೋಡ್ ಬೇಡ, ಮೆಕ್ಯಾನಿಕ್ ಹೇಳಿದ ಕಿಲೋಮೀಟರಿಗೆ ಮೊದಲ ಆಯಿಲ್ ತಪ್ಪದೆ ಬದಲಾಯಿಸಿ. ಪ್ರತಿದಿನ ಬೆಳಿಗ್ಗೆ ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಿ, ಮೀಟರ್ ಕಿಲೋಮೀಟರ್ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ಮಟ್ಟ ಇಳಿಯುತ್ತಿದ್ದರೆ ಆ ಪುಸ್ತಕ, ಬಿಲ್ಲು, ಅಳತೆ ಚೀಟಿ ಮೂರನ್ನೂ ತೆಗೆದುಕೊಂಡು ತಡಮಾಡದೆ ಗ್ಯಾರೇಜಿಗೆ ಹೋಗಿ.