ಗುಡ್ಡ ಹತ್ತಿ ಪಾಠ ಕೇಳಿದರು, ಪಾಸೂ ಆದರು, ಕಲಿತದ್ದೆಷ್ಟು?

ಶಿವಮೊಗ್ಗ: ಶಾಲೆಗೆ ಬರಬೇಡಿ, ಮನೆಯಲ್ಲೇ ಕೂತು ಕಲಿಯಿರಿ ಎಂಬ ಮಾತು ಬಂದದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ಮಲೆನಾಡಿನ ಮಕ್ಕಳು ಮಾಡಬೇಕಾಗಿ ಬಂದದ್ದು ಅದರ ಉಲ್ಟಾ. ಪಾಠ ಕೇಳಲಿಕ್ಕೆ ಅಂತಲೇ ಅವರು ಮನೆ ಬಿಟ್ಟು ಹೊರಟರು!

ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್ಲು ಮನೆಯೊಳಗೆ ಬರುವ ವಸ್ತುವಲ್ಲ. ಅದು ಗುಡ್ಡದ ನೆತ್ತಿಯಲ್ಲಿ, ರಸ್ತೆಯ ತಿರುವಿನಲ್ಲಿ, ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಸಿಗುವಂಥದ್ದು. ಎರಡು ಕಡ್ಡಿ ಕಂಡ ಜಾಗವೇ ಕ್ಲಾಸ್‌ರೂಮು. ಅಲ್ಲಿ ತಾಡಪಾಲು ಕಟ್ಟಿ ಗುಡಿಸಲು ಹಾಕಿಕೊಂಡವರುಂಟು, ಜಿಗಣೆ ಕೀಳುತ್ತಾ ಗಣಿತ ಬಿಡಿಸಿದವರುಂಟು. ಮಳೆ ಜೋರಾಗಿ ಕರೆಂಟು ಹೋಯಿತೋ, ಬ್ಯಾಟರಿ ಇಳಿದ ಮೇಲೆ ಟವರೂ ಮಲಗಿತು. ಅಲ್ಲಿಗೆ ಆ ದಿನದ ಪಾಠ ಮುಗಿಯಿತು.

ಘಟ್ಟದ ಕೆಳಗೂ ಇದೇ ಕತೆ. ಸುಳ್ಯ ತಾಲ್ಲೂಕಿನಲ್ಲಿ ಮಗಳು ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದರೆ, ಸುರಿಯುವ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ 2021ರ ಜೂನ್‌ನಲ್ಲಿ ನಾಡೆಲ್ಲ ಸುತ್ತಿತು. ನೋಡಿದವರು ಅಪ್ಪನ ಪ್ರೀತಿಯನ್ನು ಹೊಗಳಿದರು. ಹೊಗಳಿಕೆಯಿಂದ ಟವರು ಬರುತ್ತದೆಯೇ?

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಜನ ಹೊಗಳಿಕೆಗೆ ಕಾಯಲಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಅಂತ ಅದೇ ವರ್ಷ ಅಭಿಯಾನ ಹೂಡಿದರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗೆ ಹೊಲ ಮನೆ ಕೊಟ್ಟ ಸೀಮೆ ಅದು. ನಾಡಿಗೆಲ್ಲ ಕರೆಂಟು ಕೊಟ್ಟ ನೀರಿನ ದಡದಲ್ಲೇ ಮೊಮ್ಮಕ್ಕಳ ಫೋನಿಗೆ ಒಂದು ಕಡ್ಡಿಗೂ ಗತಿಯಿರಲಿಲ್ಲ.

ಒಂದು ಮನೆ, ಒಂದು ಫೋನು

ಸಿಗ್ನಲ್ಲು ಇದ್ದ ಪೇಟೆಯಲ್ಲಾದರೂ ಎಲ್ಲ ಸಲೀಸಾಗಿತ್ತೆ? ಮೊಬೈಲ್ ಅಂಗಡಿಯವರನ್ನು ಕೇಳಿ. ಹೊಸದು ಬೇಡ, ಹಳೇದೇ ಒಂದು ಕೊಡಿ, ಮಗುವಿನ ಪಾಠಕ್ಕೆ ಅಂತ ಕಂತಿನ ಮಾತಾಡಿದ ಅಪ್ಪ ಅಮ್ಮಂದಿರು ಆಗ ಒಬ್ಬಿಬ್ಬರಲ್ಲ. ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳ ಪಾಠಕ್ಕಾಗಿ ಟಿವಿ ತರಲು ತಾಳಿಯನ್ನೇ ಅಡವಿಟ್ಟ ಸುದ್ದಿಯನ್ನು 2020ರ ಜುಲೈನಲ್ಲಿ ರಾಜ್ಯವೆಲ್ಲ ಓದಿತು.

ಮನೆಯಲ್ಲಿ ಇರುವುದು ಒಂದೇ ಫೋನು. ಅದು ಅಪ್ಪನ ಜೊತೆ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತದೆ, ರಾತ್ರಿ ವಾಪಸು ಬರುತ್ತದೆ. ಮೇಷ್ಟ್ರು ಹತ್ತು ಗಂಟೆಗೆ ವಾಟ್ಸಾಪಿಗೆ ಹಾಕಿದ ಪಾಠವನ್ನು ಮಗು ನೋಡುವುದು ರಾತ್ರಿ ಊಟವಾದ ಮೇಲೆ, ಕಣ್ಣು ಎಳೆಯುವ ಹೊತ್ತಿಗೆ. ಇಬ್ಬರು ಮೂವರು ಮಕ್ಕಳಿದ್ದ ಮನೆಯಲ್ಲಿ ಫೋನು ಮೊದಲು ಎಸ್ಸೆಸ್ಸೆಲ್ಸಿಯವನಿಗೆ. ಎರಡನೇ ಕ್ಲಾಸಿನ ಪುಟ್ಟಿಗೆ? ಅವಳ ಸರದಿ ಬರುವಷ್ಟರಲ್ಲಿ ಡೇಟಾ ಖಾಲಿ.

ಇದು ನಮ್ಮ ಜಿಲ್ಲೆಯ ಹಣೆಬರಹ ಮಾತ್ರವಲ್ಲ. ಕೊರೊನಾಕ್ಕೆ ಮುಂಚೆ, 2017-18ರಲ್ಲಿ ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ ನಡೆಸಿದ ಸಮೀಕ್ಷೆ ನೋಡಿ. ದೇಶದ ಹಳ್ಳಿಗಳಲ್ಲಿ ಇಂಟರ್ನೆಟ್ ಸೌಕರ್ಯವಿದ್ದ ಮನೆಗಳು ನೂರಕ್ಕೆ ಸುಮಾರು 15, ಪಟ್ಟಣಗಳಲ್ಲಿ 42. ಆ ಲೆಕ್ಕ ಸರ್ಕಾರದ ಕೈಯಲ್ಲೇ ಇತ್ತು.

ಜಗಲಿಗೆ ಬಂದ ಮೇಷ್ಟ್ರು

ಸರ್ಕಾರ ಸುಮ್ಮನೆ ಕೂತಿತ್ತು ಅನ್ನುವಂತೆಯೂ ಇಲ್ಲ. 2020ರ ಜುಲೈ 20ರಿಂದ ಚಂದನ ವಾಹಿನಿಯಲ್ಲಿ 'ಸಂವೇದ' ಅಂತ ಅರ್ಧರ್ಧ ಗಂಟೆಯ ಪಾಠ ಶುರುವಾಯಿತು. ಹೈಸ್ಕೂಲಿನ ಮಕ್ಕಳಿಗೆ ಅದು ಎಷ್ಟೋ ಆಸರೆ. ಆದರೆ ಟಿವಿಗೆ ಬಾಯಿ ಉಂಟು, ಕಿವಿ ಇಲ್ಲ. ಅರ್ಥವಾಗಲಿಲ್ಲ ಸಾರ್, ಇನ್ನೊಂದು ಸಲ ಹೇಳಿ ಅಂದರೆ ಕೇಳುವವರು ಯಾರು?

ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಆಗಸ್ಟಿನ 'ವಿದ್ಯಾಗಮ'. ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನಿನವರು, ಇಂಟರ್ನೆಟ್ ಫೋನಿನವರು ಅಂತ ಮಕ್ಕಳನ್ನು ಮೂರು ಗುಂಪು ಮಾಡಿ, ಮೇಷ್ಟ್ರುಗಳೇ ಊರಿಗೆ ಹೋದರು. ದೇವಸ್ಥಾನದ ಜಗಲಿ, ಸಮುದಾಯ ಭವನ, ಅರಳಿಕಟ್ಟೆಗಳು ಶಾಲೆಯಾದವು. ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಒಂದು ಬೋರ್ಡು, ಒಂದು ಸೀಮೆಸುಣ್ಣ, ಎದುರಿಗೆ ಒಬ್ಬ ಮನುಷ್ಯ. ಅಡಿಕೆ ಸುಲಿಯುವ ಚಪ್ಪರದ ಕಡೆ ಹೊರಟಿದ್ದ ಮಕ್ಕಳು ಮತ್ತೆ ಪುಸ್ತಕ ಹಿಡಿದರು.

ಆದರೆ ಅದೂ ಬಹಳ ದಿನ ಬಾಳಲಿಲ್ಲ. ಮೇಷ್ಟ್ರಿಗೂ ಮಕ್ಕಳಿಗೂ ಸೋಂಕು ತಗಲಿದ ಸುದ್ದಿ ಬಂದು ಅಕ್ಟೋಬರಿನಲ್ಲಿ ವಿದ್ಯಾಗಮ ನಿಂತಿತು. 2021ರ ಜನವರಿ 1ಕ್ಕೆ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಕ್ಲಾಸು ತೆರೆದವು. ಏಪ್ರಿಲ್ ಹೊತ್ತಿಗೆ ಎರಡನೇ ಅಲೆ, ಮತ್ತೆ ಬೀಗ.

ಪಾಸಾಯಿತು, ಆಮೇಲೆ?

2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನದಲ್ಲಿ, ಜುಲೈ 19 ಮತ್ತು 22ರಂದು ಮುಗಿಯಿತು. ಉತ್ತರ ಬರೆಯುವಂತಿಲ್ಲ, ಸರಿಯಾದ ಗುಂಡಿಗೆ ಮಸಿ ತುಂಬಬೇಕು ಅಷ್ಟೇ. ಫಲಿತಾಂಶ ನೂರಕ್ಕೆ 99.99. ಆ ವರ್ಷ ಫೇಲು ಮಾಡುವುದು ನ್ಯಾಯವೂ ಆಗಿರಲಿಲ್ಲ, ನಿಜ. ಆದರೆ ಪಾಸು ಬೇರೆ, ಕಲಿಕೆ ಬೇರೆ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಯಾವುದಾದರೂ ಒಂದು ವಿದ್ಯೆಯನ್ನು ಮರೆತ ಮಕ್ಕಳು ನೂರಕ್ಕೆ 92. ಗಣಿತದಲ್ಲಿ ಹಾಗೆ ಮರೆತವರು 82. ಹೊಸದನ್ನು ಕಲಿಯದೇ ಹೋದದ್ದು ಒಂದು ನಷ್ಟವಾದರೆ, ಕಲಿತದ್ದು ಸೋರಿಹೋದದ್ದು ಇನ್ನೊಂದು ನಷ್ಟ.

'ಅಸರ್' ಸಮೀಕ್ಷೆಯದೂ ಅದೇ ರಾಗ. ರಾಜ್ಯದ ಹಳ್ಳಿಗಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 19 ಇದ್ದರು. 2021ರ ಹೊತ್ತಿಗೆ ಹತ್ತೂ ಇಲ್ಲ. ಹತ್ತೊಂಬತ್ತೇ ನಾಚಿಕೆಗೇಡು. ಅದೂ ಅರ್ಧಕ್ಕೆ ಇಳಿಯಿತು.

2030ರ ಬಾಕಿ

ದೊಡ್ಡ ಹುಡುಗರು ಹೇಗೋ ಸುಧಾರಿಸಿಕೊಂಡರು. ಪೆಟ್ಟು ತಿಂದದ್ದು ಚಿಳ್ಳೆಪಿಳ್ಳೆಗಳು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ಕ್ಲಾಸಿನ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಲೆಕ್ಕ ಹಾಕಿ, 19 ತಿಂಗಳು! 2020ರ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೆಸರು ಬರೆಸಿದ ಮಗು ಬೆಂಚಿನ ಮೇಲೆ ಕೂರುವಾಗ ಎರಡನೇ ಕ್ಲಾಸು. ಅಕ್ಷರ ತಿದ್ದಿಸುವುದು ಬೆರಳು ಹಿಡಿದು ಮಾಡುವ ಕೆಲಸ. ಯಾವ ಫೋನಿಗೆ ಬೆರಳು ಹಿಡಿಯಲು ಬರುತ್ತದೆ?

2022-23ರಲ್ಲಿ 'ಕಲಿಕಾ ಚೇತರಿಕೆ' ಅಂತ ಒಂದು ವರ್ಷ ಹಳೆಯ ಪಾಠವನ್ನೂ ಸೇರಿಸಿ ಕಲಿಸಿದರು. ಒಳ್ಳೆಯದೇ. ಆದರೆ ಅಂಗಡಿ ನಡೆಸುವವರಿಗೆ ಗೊತ್ತು, ಖಾತೆ ಪುಸ್ತಕ ಹೊಸದು ತಂದ ಮಾತ್ರಕ್ಕೆ ಹಳೇ ಬಾಕಿ ತೀರುವುದಿಲ್ಲ. 2020ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಆ ಮಗು ಎಲ್ಲೂ ತಪ್ಪದೆ ಸಾಗಿದರೆ ಎಸ್ಸೆಸ್ಸೆಲ್ಸಿ ಬರೆಯುವುದು 2030ರಲ್ಲಿ. ಆಗ ಫೇಲಾದರೆ ಮಗುವನ್ನು ದಡ್ಡ ಅನ್ನುತ್ತಾರೆ. ಗುಡ್ಡದ ಸಿಗ್ನಲ್ಲನ್ನು ಆಗ ಯಾರೂ ನೆನೆಸುವುದಿಲ್ಲ.

ಹಾಗಾಗಿ ಕಮಿಟಿ, ವರದಿ ಅಂತ ಕಾಯಬೇಕಾಗಿಲ್ಲ. ಆ ವಯಸ್ಸಿನ ಮಗು ಮನೆಯಲ್ಲಿದ್ದರೆ ಬಸ್ಸಿನ ಬೋರ್ಡು ಓದಿಸಿ ನೋಡಿ. ಈ ಪತ್ರಿಕೆಯ ನಾಲ್ಕು ಸಾಲು ಕೊಡಿ. ಅಂಗಡಿಯ ಚೀಟಿ ಕೊಟ್ಟು ಕೂಡಿಸು ಅನ್ನಿ. ತಡವರಿಸಿದರೆ ಬೈಯಬೇಡಿ, ತಪ್ಪು ಅದರದ್ದಲ್ಲ. ನೆಟ್ಟಗೆ ಶಾಲೆಗೆ ಹೋಗಿ ಮೇಷ್ಟ್ರ ಹತ್ತಿರ ಹೇಳಿ, ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಮಕ್ಕಳ ಆ 19 ತಿಂಗಳು ಎಲ್ಲಿ?