ರೋಮಾಪುರಿಯಲ್ಲಿ ರಾತ್ರಿ ತಂಗುವುದೆಲ್ಲಿ?

ಹಾಸ್ಟೆಲ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮವರ ಕಣ್ಣೆದುರು ಬರುವುದು ಕಾಲೇಜಿನ ಬದಿಯ ಉದ್ದನೆಯ ಕಟ್ಟಡ, ಸಂಜೆಗೇ ಮುಚ್ಚುವ ಗೇಟು, ವರಾಂಡದಲ್ಲಿ ಸುತ್ತು ಬರುವ ವಾರ್ಡನ್ ಸಿಸ್ಟರು. ಯುರೋಪಿನಲ್ಲಿ ಅದೇ ಪದಕ್ಕೆ ಬೇರೆಯೇ ಅರ್ಥವಿದೆ. ಅಲ್ಲಿ ಹಾಸ್ಟೆಲ್ ಎಂದರೆ ಪ್ರವಾಸಿಗರಿಗೆ ಮುಖ್ಯವಾಗಿ ಕೋಣೆಯನ್ನಲ್ಲ, ಹಾಸಿಗೆಯನ್ನು ಬಾಡಿಗೆಗೆ ಕೊಡುವ ತಂಗುದಾಣ. ಮಗಳು ರೋಮಿನಲ್ಲಿ ಹಾಸ್ಟೆಲಿನಲ್ಲಿ ಇಳಿದುಕೊಂಡಿದ್ದಾಳೆಂದು ನೆಮ್ಮದಿಯಿಂದ ಜಪಸರ ಹಿಡಿದು ಕುಳಿತ ತಾಯಿಗೆ, ಆ ಒಂದೇ ಕೋಣೆಯಲ್ಲಿ ಪರಸ್ಪರ ಪರಿಚಯವಿಲ್ಲದ ಎಂಟು ಮಂದಿ, ಗಂಡಸರೂ ಹೆಂಗಸರೂ ಬೆರೆತು, ರೈಲಿನ ಬರ್ತಿನಂತಹ ಮಂಚಗಳಲ್ಲಿ ಮಲಗಿರಬಹುದೆಂಬ ಕಲ್ಪನೆಯೇ ಇರಲಾರದು.

ಹೀಗೆಂದು ಹಾಸ್ಟೆಲುಗಳನ್ನು ತಳ್ಳಿಹಾಕುವಂತಿಲ್ಲ. ಅವುಗಳ ಹುಟ್ಟಿನ ಕಥೆಯೇ ಹಿತವಾದದ್ದು. 1909ರಲ್ಲಿ ರಿಚರ್ಡ್ ಷಿರ್‌ಮನ್ ಎಂಬ ಜರ್ಮನ್ ಶಾಲಾ ಶಿಕ್ಷಕರು ತಮ್ಮ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯ ಪ್ರವಾಸ ಹೊರಟಿದ್ದಾಗ ಬಿರುಗಾಳಿ ಮಳೆಗೆ ಸಿಲುಕಿ ಒಂದು ಹಳ್ಳಿಶಾಲೆಯಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಖಾಲಿಬಿದ್ದಿರುವ ಶಾಲೆಗಳೇಕೆ ಅಲೆದಾಡುವ ಮಕ್ಕಳಿಗೆ ಆಶ್ರಯವಾಗಬಾರದು ಎಂಬ ವಿಚಾರ ಅಂದು ಅವರಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಜಗತ್ತಿನ ಮೊದಲ ಕಾಯಂ ಯುವನಿವಾಸ ತೆರೆಯಿತು. ಅದಕ್ಕೂ ಅರವತ್ತು ವರ್ಷಗಳಷ್ಟು ಮುಂಚೆಯೇ, ಚಮ್ಮಾರಿಕೆಯ ಕೆಲಸ ಬಿಟ್ಟು ಗುರುವಾದ ಅಡಾಲ್ಫ್ ಕೋಲ್ಪಿಂಗ್ ಅವರು, ಊರಿಂದೂರಿಗೆ ಕೆಲಸ ಹುಡುಕಿ ನಡೆಯುತ್ತಿದ್ದ ಯುವ ಕುಶಲಕರ್ಮಿಗಳಿಗಾಗಿ ಕಲೋನ್ ನಗರವನ್ನು ಕೇಂದ್ರವಾಗಿಸಿಕೊಂಡು ತಂಗುಮನೆಗಳ ಸರಣಿಯನ್ನೇ ಕಟ್ಟಿದ್ದರು. ಸಂತ ಎರಡನೆಯ ಜಾನ್ ಪೌಲರು 1991ರಲ್ಲಿ ಅವರನ್ನು ಧನ್ಯರೆಂದು ಸಾರಿದರು. ಬಡವನಿಗೂ ದೂರದೂರಿನಲ್ಲಿ ಸುರಕ್ಷಿತವಾದ ಒಂದು ಹಾಸಿಗೆ ಸಿಗಬೇಕೆಂಬುದೇ ಇವೆಲ್ಲದರ ಮೂಲದಲ್ಲಿದ್ದ ಆಶಯ.

ಇಂದಿನ ಹಾಸ್ಟೆಲನ್ನು ಆರಿಸುವವರು ಕೆಲವು ಸಂಗತಿಗಳನ್ನು ಕೇಳಿ ತಿಳಿಯಬೇಕು. ಮಹಿಳೆಯರಿಗೆ ಪ್ರತ್ಯೇಕ ಕೋಣೆಯಿದೆಯೇ? ಅನೇಕ ಕಡೆ ಇರುತ್ತದೆ. ಆದರೆ ಕೇಳಿ ಕಾದಿರಿಸದಿದ್ದರೆ ಸಿಗುವುದು ಮಿಶ್ರ ಕೋಣೆಯೇ. ಸಾಮಾನಿಡಲು ಕಪಾಟಿದ್ದರೂ ಬೀಗವನ್ನು ನಾವೇ ಒಯ್ಯಬೇಕಾಗಬಹುದು. ಟವೆಲಿಗೆ ಬೇರೆ ಹಣ ಕೇಳುವುದುಂಟು. ಕೆಲವು ಹಾಸ್ಟೆಲುಗಳು ನಡುವಯಸ್ಸು ದಾಟಿದವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಇನ್ನು ಲೆಕ್ಕದ ಮಾತು. ಹಾಸ್ಟೆಲ್ ಅಗ್ಗವೆಂಬುದು ಒಬ್ಬಂಟಿ ಪ್ರಯಾಣಿಕನ ಮಟ್ಟಿಗೆ ಸತ್ಯ. ಹಾಸಿಗೆಯೊಂದಕ್ಕೆ 35 ಯೂರೋ ಎಂದಿಟ್ಟುಕೊಂಡರೆ ತಂದೆ, ತಾಯಿ, ಇಬ್ಬರು ಮಕ್ಕಳಿಗೆ ಒಂದು ರಾತ್ರಿಗೆ 140 ಯೂರೋ ಆಯಿತು. ಅಷ್ಟು ಹಣಕ್ಕೆ ನಾಲ್ವರ ಸ್ವಂತ ಕೋಣೆ ಬೇರೆಡೆ ದೊರಕೀತೇ ಎಂದು ನೋಡದೆ ಹಾಸ್ಟೆಲಿಗೆ ಹೋಗುವುದು ಜಾಣತನವಲ್ಲ. ಮಂಡಿನೋವಿರುವ ಅಜ್ಜಿಗೆ ಮೇಲಿನ ಹಾಸಿಗೆ ಬಂದರಂತೂ ಯಾತ್ರೆ ಪ್ರಾಯಶ್ಚಿತ್ತವಾಗಿಯೇ ಪರಿಣಮಿಸೀತು.

ರೋಮಿಗೆ ಹೋಗುವ ಕಥೋಲಿಕ ಕುಟುಂಬಕ್ಕೆ ಹಾಸ್ಟೆಲ್ ಮತ್ತು ಹೊಟೇಲುಗಳ ನಡುವೆ ಮೂರನೆಯ ದಾರಿಯೊಂದಿದೆ. ಧರ್ಮಸಭೆಗಳು ನಡೆಸುವ ಅತಿಥಿಗೃಹಗಳವು. ಇಟಲಿಯಲ್ಲಿ ಅವುಗಳನ್ನು ‘ಕಾಸಾ ಪೆರ್ ಫೆರಿಯೆ’ ಎನ್ನುತ್ತಾರೆ. ಈ ಪರಂಪರೆ ಬಹಳ ಹಳೆಯದು. ಬಂದ ಅತಿಥಿಯನ್ನು ಕ್ರಿಸ್ತರೆಂದೇ ಭಾವಿಸಿ ಬರಮಾಡಿಕೊಳ್ಳಬೇಕೆಂದು ಸಂತ ಬೆನೆಡಿಕ್ಟರು ಆರನೆಯ ಶತಮಾನದಲ್ಲಿಯೇ ತಮ್ಮ ಮಠದ ನಿಯಮಾವಳಿಯಲ್ಲಿ ವಿಧಿಸಿದ್ದರು. ಎಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಸ್ಯಾಕ್ಸನ್ ಯಾತ್ರಿಕರಿಗಾಗಿ ಸಂತ ಪೇತ್ರರ ಮಹಾದೇವಾಲಯದ ಸನಿಹದಲ್ಲಿಯೇ ಬಿಡಾರವೊಂದಿತ್ತು. ‘ಸಾಸ್ಸಿಯಾ’ ಎಂದು ಇಂದಿಗೂ ಆ ಜಾಗಕ್ಕಿರುವ ಹೆಸರು ಆ ಸ್ಯಾಕ್ಸನರ ನೆನಪೇ. 1300ರಲ್ಲಿ ಎಂಟನೆಯ ಬೋನಿಫಾಸ್ ಜಗದ್ಗುರುಗಳು ಮೊದಲ ಜುಬಿಲಿ ವರ್ಷವನ್ನು ಘೋಷಿಸಿದ ಮೇಲೆ ಯಾತ್ರಿಕರ ದಟ್ಟಣೆ ಮತ್ತಷ್ಟು ಹೆಚ್ಚಿತು. 1362ರಲ್ಲಿ ಇಂಗ್ಲಿಷ್ ಯಾತ್ರಿಕರಿಗಾಗಿ ಕೊಂಡ ಮನೆಯೇ ಮುಂದೆ ಇಂಗ್ಲಿಷ್ ಗುರುಮಠವಾಯಿತು. 1548ರಲ್ಲಿ ಸಂತ ಫಿಲಿಪ್ ನೇರಿಯವರು ಯಾತ್ರಿಕರ ಸೇವೆಗೆಂದೇ ಒಂದು ಸಹೋದರಕೂಟವನ್ನು ಸ್ಥಾಪಿಸಿದರು. ಅಲ್ಲಿ ಸಿರಿವಂತರೂ ಕಾರ್ಡಿನಲರೂ ಸೊಂಟಕ್ಕೆ ವಸ್ತ್ರ ಬಿಗಿದು, ನಡೆದು ದಣಿದು ಬಂದವರ ಪಾದ ತೊಳೆಯುತ್ತಿದ್ದರು.

ಇಂದು ಪಾದ ತೊಳೆಯುವವರಿಲ್ಲ, ಬಾಡಿಗೆಯೂ ಇದೆ. ಧರ್ಮಾರ್ಥವಾಗಿರಬೇಕಾದ ಮನೆಯಲ್ಲಿ ಹಣವೇಕೆ ಎಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಮಠಗಳಲ್ಲಿ ಹೊಸದಾಗಿ ಸೇರುವವರು ಕಡಿಮೆಯಾಗಿ, ವೃದ್ಧ ಧರ್ಮಭಗಿನಿಯರ ಆರೈಕೆಗೂ ಹಳೆಯ ಕಟ್ಟಡದ ಮಾಡು ರಿಪೇರಿಗೂ ಹಣ ಬೇಕಾದಾಗ, ಖಾಲಿಯಾದ ಕೋಣೆಗಳನ್ನು ಯಾತ್ರಿಕರಿಗೆ ಕೊಡುವುದರಲ್ಲಿ ತಪ್ಪೇನೂ ಕಾಣದು. ಆದರೆ ವ್ಯಾಪಾರದ ನೆರಳು ಬಿದ್ದಲ್ಲಿ ತೆರಿಗೆಯ ಪ್ರಶ್ನೆಯೂ ಏಳುತ್ತದೆ. ಇಂತಹ ಆಸ್ತಿಗಳಿಗೆ ಇಟಲಿ ಸರಕಾರ ಕೊಟ್ಟಿದ್ದ ವಿನಾಯಿತಿ ಯುರೋಪಿನ ನ್ಯಾಯಾಲಯದ ಮೆಟ್ಟಿಲೇರಿತ್ತು. ಪಡೆಯದೆ ಬಿಟ್ಟ ಹಳೆಯ ತೆರಿಗೆಯನ್ನು ವಸೂಲು ಮಾಡುವ ಯತ್ನವನ್ನು ಕೈಬಿಡುವಂತಿಲ್ಲವೆಂಬ ತೀರ್ಪು 2018ರ ನವೆಂಬರಿನಲ್ಲಿ ಬಂತು. ಅತಿಥಿಯಿಂದ ಹಣ ಪಡೆಯುವವರು ನೆರೆಯ ಹೊಟೇಲಿನವನಂತೆಯೇ ತೆರಿಗೆ ತೆರುವುದು ನ್ಯಾಯವೆಂದು ಈ ಲೇಖಕನ ಅಭಿಪ್ರಾಯ. ಜಗದ್ಗುರು ಫ್ರಾನ್ಸಿಸರು 2013ರ ಮಾರ್ಚ್ 13ರಂದು ಆಯ್ಕೆಯಾದ ಮರುದಿನವೇ, ಅದುವರೆಗೆ ತಾವು ತಂಗಿದ್ದ ಸ್ಕ್ರೋಫಾ ಬೀದಿಯ ಗುರುನಿವಾಸಕ್ಕೆ ಹೋಗಿ, ತಮ್ಮ ಸಾಮಾನು ತೆಗೆದುಕೊಂಡು, ಬಿಲ್ಲನ್ನು ತಾವೇ ಪಾವತಿಸಿದ್ದನ್ನು ಇಲ್ಲಿ ಸ್ಮರಿಸಬಹುದು.

ಈ ಅತಿಥಿಗೃಹಗಳ ಕೋಣೆಗಳು ಸಾಮಾನ್ಯವಾಗಿ ಸರಳ, ಸ್ವಚ್ಛ. ಎರಡು ಒಂಟಿಮಂಚ, ಗೋಡೆಯ ಮೇಲೊಂದು ಶಿಲುಬೆ, ಒಂದು ಮೇಜು. ಬೆಳಗ್ಗೆ ಬ್ರೆಡ್ಡು, ಜಾಮು, ಕಾಫಿ. ಇಡ್ಲಿಯ ಹೊಟ್ಟೆಗೆ ಅದು ಸಾಲದು. ಅನೇಕ ಮನೆಗಳಲ್ಲಿ ಪ್ರಾರ್ಥನಾಲಯವಿದ್ದು ಬೆಳಗಿನ ಬಲಿಪೂಜೆಗೆ ಹೊರಗೆ ಹೋಗಬೇಕಾಗಿಲ್ಲ. ಭಾರತೀಯ ಧರ್ಮಭಗಿನಿಯರು ಎದುರಾಗುವುದೂ ರೋಮಿನಲ್ಲಿ ಅಪರೂಪವಲ್ಲ. ಭಾಷೆ ಬಾರದ ಹಿರಿಯರಿಗೆ ಅದೊಂದು ದೊಡ್ಡ ಧೈರ್ಯ. ಕಾಂಪೊ ದೇ ಫಿಯೋರಿ ಮಾರುಕಟ್ಟೆಯ ಮಗ್ಗುಲಲ್ಲಿರುವ ಫರ್ನೇಸೆ ಚೌಕದಲ್ಲಿ, ಸ್ವೀಡನಿನ ಸಂತ ಬ್ರಿಜಿತಾ ಅವರು ವಾಸವಾಗಿದ್ದು 1373ರಲ್ಲಿ ಮರಣ ಹೊಂದಿದ ಮನೆಯಿದೆ. ಆ ಸಂತಳ ಹೆಸರಿನ ಸಭೆಯ ಭಗಿನಿಯರು ಅಲ್ಲಿ ಇಂದಿಗೂ ಅತಿಥಿಗಳನ್ನು ಸ್ವೀಕರಿಸುತ್ತಾರೆ. ಇಂತಹ ಮನೆಯಲ್ಲಿ ಮಲಗಿ ಏಳುವುದೇ ಯಾತ್ರೆಯ ಒಂದು ಭಾಗವಾಗುತ್ತದೆ.

ತೊಡಕುಗಳಿಲ್ಲದೆ ಇಲ್ಲ. ಅನೇಕ ಮನೆಗಳ ಬಾಗಿಲು ರಾತ್ರಿ ಹತ್ತೂವರೆ ಹನ್ನೊಂದಕ್ಕೆ ಮುಚ್ಚುತ್ತದೆ. ನಮ್ಮ ಕುಟುಂಬಗಳಿಗೆ ಅದು ತೊಂದರೆಯೆನಿಸಲಾರದು. ಆದರೆ ಕ್ರಿಸ್ತ ಜಯಂತಿಯ ರಾತ್ರಿಯ ಬಲಿಪೂಜೆಗೋ ಈಸ್ಟರ್ ಜಾಗರಣೆಗೋ ಹೋಗುವವರು ಮುಂಚಿತವಾಗಿ ಹೇಳಿ ಅನುಮತಿ ಪಡೆಯದಿದ್ದರೆ ಮಹಾದೇವಾಲಯದಿಂದ ಮರಳಿ ಬೀದಿಯಲ್ಲಿ ನಿಲ್ಲಬೇಕಾದೀತು. ವಿಮಾನ ತಡವಾಗಿ ಇಳಿಯುವುದಿದ್ದರೂ ಅದೇ ಮಾತು. ಕೆಲವು ಕಡೆ ನಗದನ್ನು ಮಾತ್ರ ಪಡೆಯುತ್ತಾರೆ. ಹಳೆಯ ಕಟ್ಟಡವಾದರೆ ಲಿಫ್ಟ್ ಇದೆಯೇ, ಸ್ನಾನಗೃಹ ಕೋಣೆಯೊಳಗೋ ವರಾಂಡದ ತುದಿಯಲ್ಲೋ ಎಂದು ಕೇಳಬೇಕು. ಆಗಸ್ಟಿನ ರೋಮ್ ನಮ್ಮ ಏಪ್ರಿಲಿಗೆ ಕಡಿಮೆಯಿಲ್ಲ. ತಂಪುಯಂತ್ರವಿಲ್ಲದ ಕೋಣೆಯಲ್ಲಿ ರಕ್ತದೊತ್ತಡದ ಹಿರಿಯರನ್ನು ಮಲಗಿಸುವ ಮುನ್ನ ಯೋಚಿಸಬೇಕು. ಸ್ನಾನಗೃಹದ ಬಗ್ಗೆ ಒಂದು ಸಮಾಧಾನದ ಸಂಗತಿ: ನೀರಿಲ್ಲದೆ ಬರಿಯ ಕಾಗದದಿಂದ ಕಳೆಯುವುದು ಹೇಗೆಂದು ಚಿಂತಿಸುವ ನಮ್ಮವರಿಗೆ ಇಟಲಿ ದಯಾಮಯಿ. ತೊಳೆದುಕೊಳ್ಳಲು ಪ್ರತ್ಯೇಕವಾದ ಬಿಡೆ ಎಂಬ ತೊಟ್ಟಿ ಪ್ರತಿ ಮನೆಯಲ್ಲಿಯೂ ಇರಬೇಕೆಂದು 1975ರಿಂದ ಅಲ್ಲಿ ಸರಕಾರಿ ನಿಯಮವೇ ಇದೆ.

ಬಾಡಿಗೆ ಫ್ಲಾಟುಗಳ ವಿಷಯ ಸ್ವಲ್ಪ ಬೇರೆ. ಐದಾರು ಮಂದಿಯ ಕುಟುಂಬಕ್ಕೆ, ಅದರಲ್ಲೂ ಪುಟ್ಟ ಮಕ್ಕಳಿದ್ದವರಿಗೆ, ಅಡುಗೆಮನೆಯೊಂದು ವರದಾನ. ಗಂಜಿ ಬೇಯಿಸಿಕೊಳ್ಳಲು ಕುಚಲಕ್ಕಿ ಒಯ್ಯುವ ಹಂಬಲ ಕರಾವಳಿಯವರಿಗೆ ಸಹಜ. ಆದರೆ ಐರೋಪ್ಯ ಒಕ್ಕೂಟದ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ತರುವಂತಿಲ್ಲ. ಅತ್ತೆಯವರು ಪ್ರೀತಿಯಿಂದ ಕಟ್ಟಿಕೊಟ್ಟ ಹಂದಿಮಾಂಸದ ಉಪ್ಪಿನಕಾಯಿ, ತುಪ್ಪದ ಡಬ್ಬಿ, ಹಾಲಿನ ಪೇಡೆ ವಿಮಾನನಿಲ್ದಾಣದ ಕಸದಬುಟ್ಟಿ ಸೇರುತ್ತವೆ. ಫ್ಲಾಟುಗಳ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ಬೇರೆಯವರ ಮನೆಯ ಚಿತ್ರ ತೋರಿಸಿ, ಮಧ್ಯವರ್ತಿ ಸಂಸ್ಥೆಯನ್ನು ಬಿಟ್ಟು ನೇರವಾಗಿ ಹಣ ಕಳಿಸಿರೆಂದು ಕೇಳುವುದು ಅದರ ಸಾಮಾನ್ಯ ವಿಧಾನ. ಇಟಲಿಯಲ್ಲಿ 2025ರಿಂದ ಪ್ರವಾಸಿಗರಿಗೆ ಕೊಡುವ ಇಂತಹ ಪ್ರತಿ ಮನೆಗೂ ರಾಷ್ಟ್ರೀಯ ಗುರುತುಸಂಖ್ಯೆ ಕಡ್ಡಾಯ; ಜಾಹೀರಾತಿನಲ್ಲಿ ಆ ಸಂಖ್ಯೆಯಿಲ್ಲದಿದ್ದರೆ ಆ ಮನೆಯ ಗೊಡವೆಯೇ ಬೇಡ. ಫ್ಲಾಟುಗಳೆಲ್ಲ ಪ್ರವಾಸಿಗರ ಪಾಲಾಗಿ ಸ್ಥಳೀಯರಿಗೆ ಬಾಡಿಗೆಮನೆಯೇ ಸಿಗದಂತಾಗಿದೆಯೆಂಬ ಕೂಗು ಯುರೋಪಿನ ಹಲವು ನಗರಗಳಲ್ಲಿದೆ. 2028ರ ನವೆಂಬರಿನೊಳಗೆ ಪ್ರವಾಸಿ ಫ್ಲಾಟುಗಳ ಪರವಾನಗಿಗಳನ್ನೆಲ್ಲ ಕೊನೆಗೊಳಿಸುವುದಾಗಿ ಬಾರ್ಸಿಲೋನಾ ನಗರಾಡಳಿತ 2024ರಲ್ಲಿ ಪ್ರಕಟಿಸಿತು.

ಎಲ್ಲಿಯೇ ಇಳಿದರೂ ಪಾಸ್‌ಪೋರ್ಟ್ ತೋರಿಸಲೇಬೇಕು. ಅತಿಥಿಗಳ ವಿವರವನ್ನು ಪೊಲೀಸರಿಗೆ ತಿಳಿಸುವುದು ಇಟಲಿಯಲ್ಲಿ ಮನೆಯವರ ಕರ್ತವ್ಯ. ಪಾಸ್‌ಪೋರ್ಟ್ ಕೇಳಿದರೆಂದು ಗಾಬರಿಪಡುವ ಅಗತ್ಯವಿಲ್ಲ. ಕಾದಿರಿಸುವಾಗ ಕಂಡ ದರದ ಮೇಲೆ ರೋಮ್ ನಗರದ ತಂಗುತೆರಿಗೆಯೂ ಸೇರುತ್ತದೆ. ತಲೆಗೆ ರಾತ್ರಿಗಿಷ್ಟು ಯೂರೋ ಎಂಬ ಲೆಕ್ಕದ ಈ ತೆರಿಗೆ ತಂಗುದಾಣದ ದರ್ಜೆಯಂತೆ ಏರುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿಯಿದೆ.

ವೀಸಾದ ವಿಷಯವನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ವರ್ಷಗಟ್ಟಲೆ ಕೂಡಿಟ್ಟ ಹಣ ಇಲ್ಲಿಯೇ ಸೋರಿಹೋಗುವುದು. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ತಂಗುವ ಸ್ಥಳದ ಪುರಾವೆಯನ್ನೂ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆಯನ್ನೂ ಒದಗಿಸಬೇಕು. 2024ರ ಜೂನ್ ತಿಂಗಳಿನಿಂದ ವಯಸ್ಕರಿಗೆ ಶುಲ್ಕ 90 ಯೂರೋ; ವೀಸಾ ಸಿಗದಿದ್ದರೆ ಅದು ಮರಳಿ ಬಾರದು. ಆದುದರಿಂದ, ವೀಸಾ ಕೈಸೇರುವ ತನಕ, ರದ್ದುಪಡಿಸಿದರೆ ಹಣ ವಾಪಸಾಗುವಂತಹ ಕಾದಿರಿಸುವಿಕೆಯನ್ನೇ ಮಾಡಬೇಕು. ಧರ್ಮಭಗಿನಿಯರ ಮನೆಗಳಲ್ಲಿ ಮುಂಗಡ ಕೇಳುವುದುಂಟು. ವೀಸಾ ನಿರಾಕರಣೆಯಾದರೆ ಮುಂಗಡದ ಗತಿಯೇನೆಂದು ಪತ್ರಮುಖೇನ ಕೇಳಲು ಸಂಕೋಚ ಬೇಡ, ಮತ್ತು ಕುಟುಂಬದ ಎಲ್ಲರ ಹೆಸರು, ತಾರೀಖುಗಳಿರುವ ದೃಢೀಕರಣ ಪತ್ರವನ್ನು ತರಿಸಿಕೊಳ್ಳಬೇಕು. ಅರ್ಜಿಗೆಂದೇ ಸುಳ್ಳು ಹೊಟೇಲ್ ಚೀಟಿ ತಯಾರಿಸಿಕೊಡುವ ದಲ್ಲಾಳಿಗಳಿದ್ದಾರೆ. ಅದು ಬಯಲಾದರೆ ನಿರಾಕರಣೆ ಖಚಿತ. ಕೊಟ್ಟ ವೀಸಾ ರದ್ದಾಗುವುದೂ ಉಂಟು. ಅರ್ಜಿಗೆ ಸಹಿ ಹಾಕಿದವನು ದಲ್ಲಾಳಿಯಲ್ಲ, ಯಾತ್ರಿಕನೇ.

ರೋಮಿನಾಚೆಗೆ ಹೋಗುವವರಿಗೂ ಒಂದೆರಡು ಮಾತು. ಲೂರ್ದಿನಲ್ಲಿ ಅಸ್ವಸ್ಥ ಯಾತ್ರಿಕರಿಗೆಂದೇ ಪವಿತ್ರ ಸ್ಥಳದ ಆವರಣದೊಳಗೆ ವಸತಿಯಿದೆ. ಬಡ ಯಾತ್ರಿಕರಿಗಾಗಿ ಫ್ರಾನ್ಸಿನ ಕಥೋಲಿಕ ಸೇವಾಸಂಸ್ಥೆ ನಡೆಸುವ ಸಂತ ಪೇತ್ರರ ನಗರವೆಂಬ ತಂಗುದಾಣವೂ ಇದೆ. ಸ್ಪೇನಿನ ಸಾಂತಿಯಾಗೋ ಹಾದಿಯಲ್ಲಿ ನಡೆಯುವವರ ‘ಆಲ್ಬೆರ್ಗೆ’ಗಳು ಹಾಸ್ಟೆಲುಗಳ ಪೂರ್ವಜರೇ ಸರಿ: ಸಾಲುಮಂಚ, ಯಾತ್ರಿಕನ ಗುರುತುಪುಸ್ತಕವಿದ್ದವರಿಗಷ್ಟೇ ಪ್ರವೇಶ, ಸಾಮಾನ್ಯವಾಗಿ ಒಂದೇ ರಾತ್ರಿ, ಬೆಳಗಾದೊಡನೆ ಹೊರಡಬೇಕು. ವೇಲಾಂಕಣಿಯಲ್ಲಿ, ಅತ್ತೂರಿನ ಜಾತ್ರೆಯಲ್ಲಿ ಚಾಪೆ ಹಾಸಿ ಮಲಗಿದ ಅನುಭವವಿರುವವರಿಗೆ ಅದೇನೂ ಹೊಸತೆನಿಸದು.

ಗುಂಪುಯಾತ್ರೆಯಲ್ಲಿ ಹೋಗುವವರಿಗೆ ಈ ಚಿಂತೆಯೇ ಇಲ್ಲವೆಂದು ತಿಳಿಯಬಾರದು. ಕರಪತ್ರದಲ್ಲಿ ‘ರೋಮಿನಲ್ಲಿ ಮೂರು ರಾತ್ರಿ’ ಎಂದಿರುತ್ತದೆ. ಹೊಟೇಲು ಮಾತ್ರ ಊರ ಹೊರಗಿನ ಹೆದ್ದಾರಿಯ ಬದಿಯಲ್ಲಿರುತ್ತದೆ. ಬುಧವಾರದ ಜಗದ್ಗುರುಗಳ ಸಾರ್ವಜನಿಕ ದರ್ಶನಕ್ಕೆ ಮುಂದಿನ ಸಾಲು ಸಿಗಬೇಕಾದರೆ ನಸುಕಿನಲ್ಲಿಯೇ ಚೌಕದ ಬಾಗಿಲಲ್ಲಿರಬೇಕು; ಊರ ಹೊರಗಿನಿಂದ ಬರುವವರಿಗೆ ಸಿಗುವುದು ಹಿಂದಿನ ಸಾಲೇ. ಸಂಜೆ ಸಂತ ಪೇತ್ರರ ಚೌಕದಲ್ಲಿ ಇನ್ನರ್ಧ ಗಂಟೆ ಕುಳಿತಿರೋಣವೆಂದರೂ ಬಸ್ಸು ಕಾಯುವುದಿಲ್ಲ. ಹಣ ಕಟ್ಟುವ ಮುನ್ನ ಹೊಟೇಲಿನ ಹೆಸರು, ವಿಳಾಸ, ಮತ್ತು ಅಲ್ಲಿಂದ ಮಹಾದೇವಾಲಯಕ್ಕೆ ಎಷ್ಟು ಕಿಲೋಮೀಟರ್ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ‘ಅಥವಾ ಅದೇ ದರ್ಜೆಯ ಬೇರೆ ಹೊಟೇಲ್’ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೆ, ಆ ಬೇರೆ ಹೊಟೇಲ್ ಎಲ್ಲಿದೆಯೆಂದೂ ಕೇಳಿ.