ಮೇಜಿನ ಮೇಲೆ ಬಾಗಲೂರಿನ ಮಂಜು

ಕೆಜಿಎಫ್‌ನಲ್ಲಿ ಡಿಸೆಂಬರ್ ಬಂತೆಂದರೆ ಹತ್ತಿಗೆ ಹೊಸ ಉದ್ಯೋಗ. ಗೋದಲಿಯ ಹುಲ್ಲುಮಾಡಿನ ಮೇಲೆ, ಕುರಿಗಳ ಬೆನ್ನ ಮೇಲೆ ಅದು ಹಿಮವಾಗಿ ಕೂರುತ್ತದೆ. ಹಾಸುವವರಲ್ಲಿ ನಿಜವಾದ ಹಿಮ ಕಂಡವರು ಕಡಿಮೆ. ಕಾರ್ನ್‌ವಾಲ್‌ನಿಂದ ಗಣಿ ಕೆಲಸಕ್ಕೆ ಬಂದವರು, ಆಂಗ್ಲೋ ಇಂಡಿಯನ್ನರು, ತಮಿಳು ಕ್ರೈಸ್ತ ಕಾರ್ಮಿಕರು ಬೆಳೆಸಿದ ಹಬ್ಬ ಇದು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು; ಹತ್ತಿ ಹಾಸುವುದು ಮುಚ್ಚಲಿಲ್ಲ.

ಜನವರಿ 6ರ ಮೂವರು ಜ್ಞಾನಿಗಳ ಹಬ್ಬ ಕಳೆದು ಗೋದಲಿ ಬಿಚ್ಚಿದಾಗ ಉಳಿಯುವ ಈ ಹತ್ತಿಯೇ ನಮ್ಮ ಆಟದ ಬಂಡವಾಳ. ಮೇಜಿನ ಮೇಲೆ ಒಂದು ಊರು ಕಟ್ಟಿ, ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಸಿಪಾಯಿಗಳನ್ನು ನಿಲ್ಲಿಸಿ, ಹಿಂದೆಂದೋ ನಡೆದ ಒಂದು ಯುದ್ಧವನ್ನು ದಾಳ ಹಾಕಿ ಮತ್ತೆ ನಡೆಸುವುದು. ಹೊರಗಿನವರು ಇದನ್ನು ವಾರ್‌ಗೇಮ್ ಎನ್ನುತ್ತಾರೆ. ನಮ್ಮ ಮನೆಯವರು ‘ಗೊಂಬೆಯಾಟ’ ಎನ್ನುತ್ತಾರೆ, ಸ್ವಲ್ಪ ಮೂಗು ಮುರಿದೇ.

ಮೂಗು ಮುರಿಯಬೇಕಾದ್ದೇನಿಲ್ಲ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಇಂಥದೊಂದು ಆಟವನ್ನು ತನ್ನ ಸೇನೆಯ ಮುಂದಿಟ್ಟಾಗ ದೊಡ್ಡ ದಂಡನಾಯಕರೇ ಇದು ಆಟವಲ್ಲ, ಪಾಠ ಎಂದು ಒಪ್ಪಿದರು. ಎಚ್.ಜಿ. ವೆಲ್ಸ್ 1913ರಲ್ಲಿ ತವರದ ಸೈನಿಕರ ಆಟಕ್ಕೆಂದೇ ಪುಸ್ತಕ ಬರೆದರು. ಅಷ್ಟು ದೂರವೂ ಬೇಡ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಅರವತ್ನಾಲ್ಕು ಮನೆಗಳಲ್ಲಿ ಕುದುರೆಯನ್ನು ಒಂದು ಮನೆಯೂ ಮರುಕಳಿಸದಂತೆ ಓಡಿಸುವ ಬಂಧಗಳನ್ನು ರಚಿಸಿದವರು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ನಿಧಿ ಇರುವುದೇ ಆಟಗಳಿಗಾಗಿ.

ಚಳಿಗಾಲದ ಯುದ್ಧ ಎಂದರೆ ಈ ಹವ್ಯಾಸದವರ ಬಾಯಲ್ಲಿ ಬರುವುದು 1812ರ ರಷ್ಯಾ: ನೆಪೋಲಿಯನ್, ಬೆರಿಝಿನಾ ನದಿ, ಮೊಣಕಾಲುದ್ದ ಹಿಮ. ನಾವೂ ಒಮ್ಮೆ ಅದನ್ನೇ ಆಡಿದೆವು. ಹತ್ತಿಯೇನೋ ಚೆನ್ನಾಗಿ ಕೂತಿತು, ಮನಸ್ಸು ಕೂರಲಿಲ್ಲ. ಆಮೇಲೆ ಹೊಳೆಯಿತು, ಕನ್ನಡದಲ್ಲಿ ಹಿಮಕ್ಕೂ ಮಂಜು ಎನ್ನುತ್ತೇವೆ, ಬೆಳಗಿನ ಜಾವ ಮಾರಿಕುಪ್ಪಂ ರೈಲಿನ ಕಿಟಕಿಯಾಚೆ ಏನೂ ಕಾಣದಂತೆ ಕವಿಯುವುದಕ್ಕೂ ಮಂಜು ಎನ್ನುತ್ತೇವೆ. ಹತ್ತಿ ಅದೇ, ಅದರ ಅರ್ಥ ಬದಲಾಯಿಸಿದರೆ ಸಾಕು.

ಹಾಗೆ ಸಿಕ್ಕಿದ್ದು 1768ರ ನವೆಂಬರ್. ಹೈದರಾಲಿ ಹುಟ್ಟಿದ ಬೂದಿಕೋಟೆ ಇರುವುದು ಬಂಗಾರಪೇಟೆ ತಾಲ್ಲೂಕಿನಲ್ಲೇ. (ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರು ಕೊಟ್ಟ ಮೈಸೂರಿನ ಕಮಿಷನರ್ ಲೆವಿನ್ ಬೌರಿಂಗ್ ಮುಂದೆ 1893ರಲ್ಲಿ ಹೈದರ್, ಟಿಪ್ಪುಗಳ ಚರಿತ್ರೆ ಬರೆದದ್ದು ಕಾಕತಾಳೀಯವೇ ಇರಬೇಕು.) ಮೊದಲನೆಯ ಮೈಸೂರು ಯುದ್ಧದಲ್ಲಿ ಈ ಸೀಮೆಯೇ ಅಖಾಡ. ಅಕ್ಟೋಬರ್ 4ರಂದು ಮುಳಬಾಗಿಲಿನ ಬಂಡೆಗಳ ನಡುವೆ ಬ್ರಿಟಿಷರ ಕರ್ನಲ್ ವುಡ್ ಸೋಲಿನ ಅಂಚಿನಲ್ಲಿದ್ದಾಗ, ಬ್ರೂಕ್ ಎಂಬ ಕ್ಯಾಪ್ಟನ್ ಬಂಡೆಯ ಮೇಲೆ ಎರಡು ತೋಪು ಏರಿಸಿ, ಇನ್ನೊಬ್ಬ ಸೇನಾನಿ ಸ್ಮಿತ್‌ನ ಹೆಸರನ್ನು ತನ್ನವರಿಂದ ಕೂಗಿಸಿದ. ಸ್ಮಿತ್ ಬಂದನೆಂದು ಹೈದರನ ಕಡೆ ಗಲಿಬಿಲಿಯಾಯಿತು. ಬಂದಿರಲಿಲ್ಲ.

ಮುಂದಿನ ತಿಂಗಳು ಹೈದರ್ ಲೆಕ್ಕ ಚುಕ್ತಾ ಮಾಡಿದ. ಹೊಸೂರಿನ ಕೋಟೆಯವರ ನೆರವಿಗೆ ಹೊರಟ ವುಡ್, ದಾರಿಯ ಬಾಗಲೂರಿನಲ್ಲಿ ತನ್ನ ಸಾಮಾನು ಸರಂಜಾಮು, 18 ಪೌಂಡಿನ ಗುಂಡು ಹಾರಿಸುವ ಎರಡು ತೋಪುಗಳನ್ನು ಬಿಟ್ಟು ಹಗುರಾಗಿ ನಡೆದ. ಹೈದರ್ ಅವನ ಬೆನ್ನ ಹಿಂದೆ ಸುತ್ತಿ ಬಾಗಲೂರಿನ ಮೇಲೆ ಬಿದ್ದ. ವುಡ್ ಓಡೋಡಿ ಬರುವ ಹೊತ್ತಿಗೆ ತೋಪುಗಳು ಬೆಂಗಳೂರಿನ ಹಾದಿ ಹಿಡಿದಿದ್ದವು. ಆಮೇಲೆ ವುಡ್‌ನನ್ನೇ ದಾರಿಯಲ್ಲಿ ಅಡ್ಡಗಟ್ಟಿದಾಗ, ವೆಂಕಟಗಿರಿಕೋಟೆಯಲ್ಲಿದ್ದ ಮೇಜರ್ ಫಿಟ್ಜೆರಾಲ್ಡ್ ತೋಪಿನ ಸದ್ದು ಕೇಳಿ ಬಂದದ್ದರಿಂದ ಅವನು ಉಳಿದ. ಬಾಗಲೂರು ಇಂದು ತಮಿಳುನಾಡಿನಲ್ಲಿದೆ, ವೆಂಕಟಗಿರಿಕೋಟೆ ಆಂಧ್ರದಲ್ಲಿ. ಕೆಜಿಎಫ್‌ನವರಿಗೆ ಎರಡೂ ಪಕ್ಕದ ಮನೆ.

ಆ ದಿನಗಳಲ್ಲಿ ನಿಜಕ್ಕೂ ಮಂಜಿತ್ತೇ ಎಂದು ಯಾರೂ ಕೇಳಬೇಡಿ. ಮಂಜು ನಮ್ಮ ಸೇರ್ಪಡೆ.

ಮೇಜಿಗೆ ಬೇಕಾದ್ದೆಲ್ಲ ಅಡುಗೆಮನೆಯಲ್ಲೇ ಇದೆ. ಸೋಸಿದ ಚಹಾಪುಡಿಯನ್ನು ಒಣಗಿಸಿ ಅಂಟಿನ ಮೇಲೆ ಉದುರಿಸಿದರೆ ಉತ್ತ ಹೊಲ. ಮೈ ಉಜ್ಜುವ ಹೀರೆನಾರನ್ನು ತುಂಡರಿಸಿ ಹಸಿರು ಬಳಿದರೆ ಪೊದೆ. ಕಲ್ಲುಬಂಡೆಗೆ ಥರ್ಮಾಕೋಲ್ ಕೆತ್ತುವವರಿದ್ದಾರೆ. ಕೋಲಾರದಲ್ಲಿದ್ದು ಥರ್ಮಾಕೋಲ್ ಕೆತ್ತುವುದು ನಾಚಿಕೆಗೇಡು, ರಸ್ತೆ ಬದಿಯ ಜಲ್ಲಿಯೇ ಸಾಕು. ದಸರಾ ಗೊಂಬೆಗಳ ಮುಂದೆ ತಟ್ಟೆಯಲ್ಲಿ ರಾಗಿ ಮೊಳೆಸಿ ಉದ್ಯಾನ ಮಾಡುತ್ತಾರಲ್ಲ, ಆ ಉಪಾಯವನ್ನೂ ಕದ್ದಿದ್ದೇವೆ. ಆದರೆ ವಾರದ ಮೊದಲೇ ಬಿತ್ತಿದರೆ ರಾಗಿಪೈರು ಕುದುರೆಗಿಂತ ಎತ್ತರ ಬೆಳೆದು ಹೈದರನ ಸವಾರರು ಕಾಡುಮೃಗಗಳಂತೆ ಕಾಣುತ್ತಾರೆ. ಗಣಿ ಉಳಿಸಿಹೋದ ಸೈನೈಡ್ ದಿಬ್ಬದ ಮರಳು ಮಾತ್ರ ಬೇಡ. ನುಣುಪಾಗಿದೆ, ಬಣ್ಣವೂ ಒಪ್ಪುತ್ತದೆ, ಆದರೆ ಗಾಳಿಗೆ ಏಳುವ ಆ ದೂಳಿನ ಮೇಲೆ ಊರಿನ ತಕರಾರು ಇಂದು ನಿನ್ನೆಯದಲ್ಲ. ಅದನ್ನು ಊಟದ ಮೇಜಿಗೆ ತರುವುದು ತರವಲ್ಲ.

ಸಿಪಾಯಿಗಳು 1:72 ಅಳತೆಯವು, ಸುಮಾರು ಎರಡೂವರೆ ಸೆಂಟಿಮೀಟರ್. ಮೊದಲು ಕಪ್ಪು ಬಳಿದು, ಒಣಗಿದ ಮೇಲೆ ಉಬ್ಬಿದ ಕಡೆ ಮಾತ್ರ ಬಣ್ಣ ತಾಗಿಸಿದರೆ ಮಡಿಕೆಗಳ ನೆರಳು ತಾನಾಗಿ ಉಳಿಯುತ್ತದೆ. ಮುಖಕ್ಕೆ ಕಣ್ಣು ಬರೆಯಲು ಹೋಗಬೇಡಿ. ಎಲ್ಲರೂ ಬೆಚ್ಚಿಬಿದ್ದವರಂತೆ ಕಾಣುತ್ತಾರೆ.

ಇನ್ನು ಮಂಜು. ಮೇಜಿನ ಮುಕ್ಕಾಲು ಭಾಗ ಹತ್ತಿಯ ತೆಳು ಪದರ. ಹೈದರನ ಕಡೆಯವನ ಕೈಯಲ್ಲಿ ಆರು ರಟ್ಟಿನ ಚೀಟಿ. ಮೂರರಲ್ಲಿ ಸೈನ್ಯ, ಮೂರು ಬರೀ ಖಾಲಿ. ಹತ್ತಿಯ ಕೆಳಗೆ ಅವನ್ನು ಬೋರಲಾಗಿ ಸರಿಸುತ್ತಾನೆ. ಪ್ರತಿ ಸರದಿಗೆ ಒಂದು ದಾಳ: ಐದು ಅಥವಾ ಆರು ಬಿದ್ದರೆ ತೀರ್ಪುಗಾರ ಒಂದು ಹಿಡಿ ಹತ್ತಿ ಎತ್ತುತ್ತಾನೆ. ಚೀಟಿ ಬಯಲಾದರೆ ಸಿಪಾಯಿಗಳು ಮೇಜಿಗೆ ಬರುತ್ತಾರೆ. ರೈಸ್‌ವಿಟ್ಸ್‌ನ ಆಟದ ಜೀವವೂ ಇದೇ ಆಗಿತ್ತು: ನಿನಗೆ ಕಾಣುವಷ್ಟನ್ನೇ ತೀರ್ಪುಗಾರ ನಿನಗೆ ಹೇಳುತ್ತಾನೆ. ಚದುರಂಗದಲ್ಲಿ ಎಲ್ಲವೂ ಎದುರಿಗಿದೆ. ಇಲ್ಲಿ ಎದುರಿಗಿರುವುದು ಹತ್ತಿ.

“ಮಗಾ, ಅದು ಖಾಲಿ ಚೀಟಿ, ನಂಗೊತ್ತು” ಎಂದು ವುಡ್ ಆದವನು ಪ್ರತಿ ವರ್ಷ ಹೇಳುತ್ತಾನೆ. ಪ್ರತಿ ವರ್ಷ ಅದರಲ್ಲಿ ಕುದುರೆ ಇರುತ್ತದೆ.

ಒಂದನ್ನು ಮಾತ್ರ ನಾವು ಆಡುವುದಿಲ್ಲ. ಹೈದರ್ ಬಂದ ಸುದ್ದಿಗೆ ಬಾಗಲೂರಿನ ಜನ ಕೋಟೆಯ ಬಾಗಿಲಿಗೆ ನುಗ್ಗಿದರು. ಒಳಗಿದ್ದವರು ಬಾಗಿಲು ಹಾಕಿದ್ದರು. ನೂಕುನುಗ್ಗಲಿನಲ್ಲೇ ಅನೇಕರು ಸತ್ತರು, ಹೆಂಗಸರು ಮಕ್ಕಳು ಸೇರಿ. ಮೊದಲ ವರ್ಷ ಇದಕ್ಕೂ ಒಂದು ದಾಳದ ನಿಯಮ ಬರೆದಿದ್ದೆ. ಓದಿದ ಗೆಳೆಯನೊಬ್ಬ ಏನೂ ಹೇಳದೆ ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಈಗ ಕೋಟೆಯ ಬಾಗಿಲು ಮೇಜಿನ ಅಂಚಿನಾಚೆ ಇದೆ.

ಮಧ್ಯೆ ತಿನ್ನಲು ಬಂಗಾರಪೇಟೆಯ ಪಾನಿಪುರಿ. ಅದರ ಪಾನಿ ನೀರಿನಷ್ಟೇ ತಿಳಿ, ಕುಡಿದಾಗಲೇ ಖಾರ ಗೊತ್ತಾಗುವುದು; ಮಂಜಿನ ಆಟಕ್ಕೆ ತಕ್ಕ ತಿಂಡಿ. ಕೈ ಒರೆಸದೆ ಸಿಪಾಯಿ ಮುಟ್ಟಿದವನಿಗೆ ಒಂದು ಸರದಿ ಖೋತಾ.

ಫಿಟ್ಜೆರಾಲ್ಡ್ ಆದವನು ಮೇಜಿನ ಹತ್ತಿರವೇ ಬರುವಂತಿಲ್ಲ. ಅವನ ಜಾಗ ಅಡುಗೆಮನೆ. ಇಲ್ಲಿ ತೋಪು ಹಾರಿದಾಗಲೆಲ್ಲ ನಾವು ಸ್ಟೀಲ್ ತಟ್ಟೆಗೆ ಸೌಟಿನಿಂದ ಒಂದು ಪೆಟ್ಟು ಕೊಡುತ್ತೇವೆ; ಅದನ್ನೇ ಕೇಳಿ, ಹೊರಡಬೇಕೋ ಬೇಡವೋ ಅವನೇ ತೀರ್ಮಾನಿಸಬೇಕು. ಬೇಗ ಹೊರಟರೆ ವೆಂಕಟಗಿರಿಕೋಟೆ ಬರಿದಾಗುತ್ತದೆ, ತಡವಾದರೆ ವುಡ್ ಇರುವುದಿಲ್ಲ. ಕಳೆದ ಸಲ ಹನ್ನೊಂದು ಪೆಟ್ಟು ಬಿದ್ದರೂ ಒಳಗಿನಿಂದ ಸದ್ದಿಲ್ಲ. ವುಡ್ ತಡೆಯಲಾರದೆ ಎದ್ದು ಹೋಗಿ ನೋಡಿದರೆ ಮೇಜರ್ ಸಾಹೇಬರು ಕುಕ್ಕರ್ ಮುಂದೆ ನಿಂತು ವಿಸಿಲ್ ಎಣಿಸುತ್ತಿದ್ದರು.